ಅಸಲು ಪ್ರತಿ

ಅಕ್ಕಿ ಡಬ್ಬಿಯ ತಳದಲ್ಲಿ,
ಒಣಗಿ ಪುಡಿಯಾದ ಬೇವಿನೆಲೆಯ ಕೆಳಗೆ
ಪ್ಲಾಸ್ಟಿಕ್ ಚೀಲ; ಚೀಲದೊಳಗೆ ಚೀಲ;
ಅದರೊಳಗೆ ಅಮ್ಮ.
ನಮ್ಮ ಕಡೆ ಅಜ್ಜಿಗೆ ಅಮ್ಮ ಅನ್ನುತ್ತೇವೆ,
ಹೆತ್ತವಳು ಅವ್ವ.

ನಾಲ್ಕು ಕಾಗದ. ನಾಲ್ಕರಲ್ಲಿ ನಾಲ್ಕು ಹೆಂಗಸು.
ರೇಶನ್ ಕಾರ್ಡಿನಲ್ಲಿ ಫಕೀರವ್ವ, ವಯಸ್ಸು ನಲವತ್ತು.
ಎರಡು ವರ್ಷದ ಮೇಲೆ ಮತದಾರರ ಚೀಟಿಯಲ್ಲಿ
ಫಕೀರಾ ಬಿ, ಐವತ್ತೊಂದು.
ಶಿರಹಟ್ಟಿಯ ಫಕೀರಸ್ವಾಮಿಗೆ ಹರಕೆ ಹೊತ್ತು
ಹಡೆದ ಮಗಳೆಂದು
ವಾಸ್ಕೋದ ಗುಮಾಸ್ತನಿಗೆ ಯಾರು ಹೇಳಬೇಕು?
ಹೆಸರು ಕೇಳಿದ, ಧರ್ಮ ತಾನೇ ಬರೆದುಕೊಂಡ.
ಅಮ್ಮ ತಿದ್ದಿಸಲು ಹೋಗಲಿಲ್ಲ.
"ಇರಲಿ ಬಿಡು, ಆ ಮಠದಾಗ ಇಬ್ಬರೂ ಕೈ ಮುಗೀತಾರ."

ಚಿಖಲಿ ದವಾಖಾನೆಯ ಚೀಟಿ ನೀಲಿ:
ಹೆಣ್ಣು ಕೂಸು, ಎರಡು ಕೇಜಿ ನೂರು. ಅದು ಅವ್ವ.
ತಂದೆಯ ಹೆಸರಿನ ಜಾಗದಲ್ಲೊಂದು ಅಡ್ಡಗೆರೆ,
ಕಾಗದ ಹರಿಯುವಷ್ಟು ಒತ್ತಿ ಎಳೆದದ್ದು.

ಗುತ್ತಿಗೆದಾರನ ಹಾಜರಿ ಚೀಟಿಯಲ್ಲಿ ಹೆಸರೇ ಇಲ್ಲ.
೨೧೨.
ತಪ್ಪಿಲ್ಲದೆ ಬರೆದದ್ದು ಅದೊಂದನ್ನೇ.

ಬೈನಾದಲ್ಲಿ ಇನ್ನೂ ದುರುಗವ್ವ ಇದ್ದಾಳೆ.
ಕಣ್ಣಿಗೆ ಪೊರೆ, ಕಿವಿ ಚುರುಕು.
ರೇಶನ್ ಕಾರ್ಡ್ ಓದಿ ಹೇಳಿದೆ:
ಗಂಡ, ಹುಲಗಪ್ಪ ಯಮನಪ್ಪ.
ನಕ್ಕಳು, ಬಾಯೊಳಗಿನ ಎಲೆಯಡಿಕೆ ಸೆರಗಿಗೆ ಸಿಡಿಯಿತು.
"ಅಂವ ನನ್ನ ಗಂಡ!
ಗಂಡಸಿನ ಹೆಸರಿಲ್ಲದ ಕಾರ್ಡ್ ಇಲ್ಲ ಅಂದ್ರು ಆಪೀಸಿನ್ಯಾಗ.
ನನ್ನಂವ ಸತ್ತು ಆರು ತಿಂಗಳಾಗಿತ್ತು,
ಹೆಸರು ಖಾಲಿ ಬಿದ್ದಿತ್ತು. ಕೊಟ್ಟೆ.
ಒಂದು ವಾಟಿ ಸಕ್ಕರಿ ಕೊಡೂದಿಲ್ಲೇನು, ಹಂಗ."

ಕಾಗದದಲ್ಲಿ ಸವತಿಯರು.
ಆಚೆಗೆ ಒಂದೇ ಒಲೆ, ಒಂದೇ ಹಂಚು,
ಇವಳು ಬಡಿದ ರೊಟ್ಟಿಗೆ ಅವಳ ಬಾಂಗ್ಡಾ ಸಾರು.
ಹಾಗಾದರೆ ನಿಜವಾದ ಅಜ್ಜ? ಕೇಳಿದೆ.
ಚಂಚಿಯ ದಾರ ಎಳೆದು ಬಾಯಿ ಮುಚ್ಚಿದಳು.
"ಗಂಡನ್ನ ಕೇಳಬ್ಯಾಡ.
ಬುಟ್ಟಿ ಕೇಳು, ಹೇಳ್ತೀನಿ."

ಬುಟ್ಟಿ ಅಂದರೆ ಅದಿರಿನ ಬುಟ್ಟಿ.
ದಂಡೆಯಿಂದ ಬಾರ್ಜಿಗೆ ಎರಡು ಹಲಗೆ,
ಅವು ಬಾಗಿದಾಗ ಬಾಗಿ, ಎದ್ದಾಗ ಏಳಬೇಕು,
ಎದುರಾದವಳ ಮೊಣಕೈ ತಗಲಬಾರದು.
ಮಿಂದರೆ ಮೂರನೇ ತಂಬಿಗೆಯ ನೀರೂ ಕೆಂಪು.
ದಿನದ ಲೆಕ್ಕ ಗೋಡೆಯ ಮೇಲೆ, ಇದ್ದಲಿನ ಗೆರೆ.
ಅವ್ವ ಹುಟ್ಟುವ ಹಿಂದಿನ ದಿನ ಅರವತ್ತೆರಡು.
ಹುಟ್ಟಿದ ದಿನ ಖಾಲಿ. ಮರುದಿನ ಖಾಲಿ.
ಆಮೇಲೆ ಹದಿನೆಂಟು, ಇಪ್ಪತ್ತು, ಮೂವತ್ತಾರು.
ಆ ಗೋಡೆ ಈಗಿಲ್ಲ. ಇದ್ದಿದ್ದರೆ
ಐದನೆಯ ಕಾಗದ ಅದೇ.

ನಾನು ಕಂಡದ್ದು ಕಡೆಯ ಅಮ್ಮನನ್ನು.
ಆಧಾರ್ ಮಾಡಿಸಲು ಕರೆದುಕೊಂಡು ಹೋಗಿದ್ದೆ.
ಗಾಜಿನ ಮೇಲೆ ಹೆಬ್ಬೆಟ್ಟು ಇಟ್ಟಳು. ಬರಲಿಲ್ಲ.
ತೊಳೆದುಕೊಂಡು ಬನ್ನಿ, ಅಂದ ಹುಡುಗ,
ಕೊಂಕಣಿಯಲ್ಲಿ, ಮರ್ಯಾದೆಯಿಂದಲೇ.
ತೊಳೆದಳು, ನನ್ನ ದುಪಟ್ಟಾಕ್ಕೆ ಒರೆಸಿದಳು. ಬರಲಿಲ್ಲ.
ಹತ್ತು ಬೆರಳೂ ಒಂದೊಂದಾಗಿ ಹೋಗಿ
ಬರಿಗೈಯಲ್ಲಿ ಹಿಂದಿರುಗಿದವು.
"ಗೆರಿ ಎಲ್ಲಾ ಹಡಗಿನ್ಯಾಗ ಹೋಗ್ಯಾವಪಾ,"
ಅಂದಳು ಅವನಿಗೆ ಕನ್ನಡದಲ್ಲೇ,
"ಜಪಾನದಾಗ ಹುಡುಕಸ್ರಿ."
ಅವನು ತಲೆಯಾಡಿಸಿ ಮುಂದಿನವರನ್ನು ಕರೆದ.

ಹೊರಡುವಾಗ ದುರುಗವ್ವ ಕೈ ಚಾಚಿದಳು.
"ಆ ಕಾರ್ಡ್ ಕೊಟ್ಟು ಹೋಗು.
ಗುಡಿಸಲ ಕೆಡವಿದ ದಿನ ನನ್ನವೆಲ್ಲಾ ಹೋದುವು.
ಹುಲಗಪ್ಪನ ಹೆಸರಿದ್ದ ಕಾಗದ ಅದೊಂದ ಉಳದೈತಿ."

ಓಡಿ ಹೋಗಿ ಝೆರಾಕ್ಸ್ ಮಾಡಿಸಿ ತಂದೆ.
ಪೊರೆಗಣ್ಣಿಗೆ ಯಾವುದಾದರೇನು ಎಂದುಕೊಂಡಿದ್ದೆ.
ಮುಟ್ಟಿದಳು. ಮೂಸಿದಳು.
"ಇನ್ನೂ ಬಿಸಿ ಐತಿ," ಅಂದು ಹಿಂದಕ್ಕೆ ತಳ್ಳಿದಳು.
"ಅಸಲು."

ಬಸ್ಸಿನಲ್ಲಿ ಕೂತಿದ್ದೇನೆ, ತೊಡೆಯ ಮೇಲೆ ಚೀಲ,
ಚೀಲದೊಳಗೆ ಚೀಲ.
ಅಮ್ಮನ ಮುಖ ಇರುವ ಕಾಗದವೂ ಅದೊಂದೇ,
ಮೂಲೆಯಲ್ಲಿ ಮೊಹರು ಬಿದ್ದು ಅರ್ಧ ಹಣೆ ನೇರಳೆ.
ಕಂಡಕ್ಟರ್ ಮಡಗಾಂವ್ ಮಡಗಾಂವ್ ಎಂದು ಕೂಗುತ್ತಿದ್ದಾನೆ.
ಡ್ರೈವರ್ ಇನ್ನೂ ಚಹಾ ಕುಡಿಯುತ್ತಿದ್ದಾನೆ.
ಇಳಿಯುವುದಾದರೆ ಈಗಲೇ.